ಬೇಲಿ ಹಾಕಿದ್ದು ಬೇರೆ ಗುಡ್ಡಕ್ಕೆ

ಬೆಳಗಿನ ಆರೂಕಾಲು. ಚಳ್ಳಕೆರೆ ತಾಲ್ಲೂಕಿನ ನನ್ನಿವಾಳ ದಾಟಿ ಪಡುವಣಕ್ಕೆ ಹೊರಳುವ ಮಣ್ಣಿನ ದಾರಿಯಲ್ಲಿ ಒಂದು ಆಟೊ ನಿಲ್ಲುತ್ತದೆ. ಅಲ್ಲಿಂದ ಮುಂದೆ ಜಾಲಿಮುಳ್ಳು ದಾರಿಯನ್ನು ನುಂಗಿಹಾಕಿದೆ. ಎಪ್ಪತ್ತಾರು ವರ್ಷದ ದಾಕ್ಷಾಯಿಣಿಯವರು ಮೊದಲು ಊರುಗೋಲನ್ನು ನೆಲಕ್ಕೂರಿ, ಆಮೇಲೆ ಒಂದೊಂದೇ ಕಾಲನ್ನು ಇಳಿಸುತ್ತಾರೆ. ಹೆಗಲಲ್ಲಿ ಖಾಕಿ ಚೀಲ, ಕಾಲಲ್ಲಿ ಗಂಡಸರ ಕ್ಯಾನ್ವಾಸ್ ಶೂ, ತಲೆಗೆ ಸುತ್ತಿದ ಟವೆಲ್ಲು. ಆಟೊ ಓಡಿಸುವ ಮಾರುತೇಶ್ ಐದು ಲೀಟರಿನ ನೀರಿನ ಕ್ಯಾನು ಹೊತ್ತು ಮುಂದೆ ನಡೆಯುತ್ತಾರೆ. ಬಂಡೆಯ ಬಳಿ ಅದನ್ನು ಇಟ್ಟು ಹಿಂದಿರುಗುತ್ತಾರೆ. ನೀರು ಹೊಯ್ಯುವ ಕೆಲಸವನ್ನು ದಾಕ್ಷಾಯಿಣಿಯವರು ಇನ್ನೊಬ್ಬರ ಕೈಗೆ ಕೊಡುವುದಿಲ್ಲ.

ದೊಣೆಗುಡ್ಡ ಎಂದು ಇದರ ಹೆಸರು. ಗುಡ್ಡ ಎನ್ನುವುದೇ ಹೆಚ್ಚು. ಎರಡಾಳು ಎತ್ತರದ ಕಪ್ಪು ಬೂದುಬಣ್ಣದ ದಿಬ್ಬ, ನೆತ್ತಿಯಲ್ಲಿ ಕುರಿಗಳು ನೀರು ಕುಡಿಯುವ ಒಂದು ದೊಣೆ. ದೂರದಿಂದ ನೋಡಿದರೆ ಯಾರೂ ಎರಡನೇ ಸಲ ತಿರುಗಿ ನೋಡುವಂಥದ್ದಲ್ಲ. ದಾಕ್ಷಾಯಿಣಿಯವರು ಮಂಡಿಯೂರಿ ಕೂತು ಬಂಡೆಯ ಮೇಲೆ ನೀರು ಚೆಲ್ಲಿ, ಹಳೆಯ ಸೀರೆಯ ತುಂಡಿನಿಂದ ನಿಧಾನಕ್ಕೆ ಒರೆಸುತ್ತಾರೆ. ಮೂಡಲಿನ ಓರೆ ಬೆಳಕು ಒದ್ದೆ ಕಲ್ಲಿನ ಮೇಲೆ ಬೀಳುತ್ತದೆ. ಒಂದರ ಸುತ್ತ ಒಂದು, ಕೂದಲೆಳೆಯಷ್ಟು ತೆಳುವಾದ ಬಳೆಗಳು ಎದ್ದು ಕಾಣತೊಡಗುತ್ತವೆ. ಅಡ್ಡ ಕೊಯ್ದ ಈರುಳ್ಳಿಯನ್ನು ಕಲ್ಲಿನಲ್ಲಿ ಹುದುಗಿಸಿಟ್ಟ ಹಾಗೆ.

“ಈ ಬೆಳಕು ಇನ್ನಿಪ್ಪತ್ತು ನಿಮಿಷ ಇರ್ತೈತೆ, ಅಷ್ಟೆ,” ಎನ್ನುತ್ತಾರೆ ಅವರು, ತಲೆಯೆತ್ತದೆ. “ಬಿಸಿಲು ಮೇಲಕ್ಕೆ ಏರಿದ್ರೆ ಕಲ್ಲು ಬಾಯಿ ಮುಚ್ಕೊಂತೈತೆ. ಆಮೇಲೆ ನೀವು ಎಷ್ಟು ನೀರು ಹೊಯ್ದ್ರೂ ಅದು ಬರೇ ಕಲ್ಲೇ.”

ಇದು ಬರೇ ಕಲ್ಲಲ್ಲ. ಪುಸ್ತಕಗಳಲ್ಲಿ ಇದಕ್ಕೆ ಸ್ಟ್ರೊಮಾಟೊಲೈಟ್ ಎಂಬ ಹೆಸರಿದೆ. ಈ ಬಯಲೆಲ್ಲ ಆಳವಿಲ್ಲದ ಕಡಲಾಗಿದ್ದ ಕಾಲದಲ್ಲಿ ಪಾಚಿಯಂಥ ಜೀವಿಗಳು ಪದರದ ಮೇಲೆ ಪದರವಾಗಿ ಬೆಳೆದು, ಸುಣ್ಣದ ಕೆಸರನ್ನು ಹಿಡಿದು ಕಟ್ಟಿದ ಗುಮ್ಮಟಗಳು ಇವು. ವಯಸ್ಸು ಇನ್ನೂರ ಅರವತ್ತು ಕೋಟಿ ವರ್ಷದ ಆಸುಪಾಸು. “ಎಲೆ ಇರಲಿಲ್ಲ, ಹುಳ ಇರಲಿಲ್ಲ, ಮೀನು ಇರಲಿಲ್ಲ. ಈ ಲೋಳೆ ಒಂದೇ ಇದ್ದದ್ದು. ನಾವು ಉಸಿರಾಡೋ ಗಾಳಿನ ಮೊದಲು ಬಿಟ್ಟಿದ್ದು ಇಂಥವೇ,” ಎಂದು ಅವರು ಒಂದು ಗುಮ್ಮಟದ ಮೇಲೆ ಅಂಗೈ ಇಡುತ್ತಾರೆ, ಮನೆಯ ಹಸುವಿನ ಬೆನ್ನ ಮೇಲೆ ಇಟ್ಟಂತೆ.

ಆಮೇಲೆ ಚೀಲದಿಂದ ಅಳತೆ ಟೇಪು ಹೊರಬರುತ್ತದೆ. ಅದರ ಒಂದು ತುದಿಯನ್ನು ದಕ್ಷಿಣದ ಕೊನೆಯ ಗುಮ್ಮಟದ ಅಂಚಿಗೆ ಕಲ್ಲಿಟ್ಟು ಬಿಗಿದು, ಇನ್ನೊಂದು ತುದಿಯನ್ನು ಎಳೆಯುತ್ತ ಉತ್ತರಕ್ಕೆ ನಡೆಯುತ್ತಾರೆ. ಟೇಪು ಮುಗಿದಲ್ಲಿ ಗುರುತು ಹಾಕಿ ಮತ್ತೆ ಎಳೆಯುತ್ತಾರೆ. ಗುಡ್ಡ ಅಲ್ಲಿ ತಟ್ಟನೆ ಮುಗಿಯುತ್ತದೆ. ಮುಗಿದಲ್ಲಿ ಆಳದ ಗುಂಡಿ, ಗುಂಡಿಯ ತಳದಲ್ಲಿ ಹಸಿರು ನೀರು, ಆಚೆ ದಂಡೆಯಲ್ಲಿ ಬಾಯಿ ತೆರೆದು ನಿಂತ ಜಲ್ಲಿ ಕ್ರಷರ್. ಸೋಮವಾರ ಮತ್ತು ಗುರುವಾರ, ವಾರಕ್ಕೆ ಎರಡು ಸಲ, ಈ ಅಳತೆ ತಪ್ಪುವುದಿಲ್ಲ. ಮೂರು ವರ್ಷದ ಹಿಂದೆ ಇನ್ನೂರ ಹನ್ನೆರಡು ಮೀಟರಿತ್ತು. ಇವತ್ತು ಮೂವತ್ತೆಂಟು.

“ಹೋದ ವಾರಾನೂ ಮೂವತ್ತೆಂಟೇ,” ಎಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. “ಅಂದ್ರೆ ಕದ್ದು ಸಿಡಿಸಿಲ್ಲ.”

ಚಳ್ಳಕೆರೆಯ ಅವರ ಬೀದಿಯಲ್ಲಿ ಕೇಳಿದರೆ ‘ಕಲ್ಲು ಮೇಡಂ’ ಎಂದು ಮನೆ ತೋರಿಸುತ್ತಾರೆ. ಎರಡು ಕೋಣೆಯ ಮನೆ. ಒಂದರಲ್ಲಿ ಅವರು, ಇನ್ನೊಂದರಲ್ಲಿ ಸಾವಿರದ ನೂರ ನಲವತ್ತಾರು ಕಲ್ಲುಗಳು. ಪ್ರತಿಯೊಂದರ ಮೇಲೂ ಬಿಳಿ ಬಣ್ಣದಲ್ಲಿ ಬರೆದ ಅಂಕಿ. ಬೀದಿಯವರಿಗೆ ಅವರು ಯಾವುದೋ ಸರ್ಕಾರಿ ಕೆಲಸದಲ್ಲಿದ್ದು ನಿವೃತ್ತರಾದ ಒಂಟಿ ಹೆಂಗಸು, ತಲೆ ಸ್ವಲ್ಪ ಕಲ್ಲಿನ ಕಡೆಗೆ ವಾಲಿದೆ, ಅಷ್ಟೇ. ಈ ಭಾಗದ ನೆಲವನ್ನು ಕಾಲ್ನಡಿಗೆಯಲ್ಲಿ ಅಳೆದು ನಕ್ಷೆ ಬರೆದ ಮೊದಲ ಹೆಂಗಸು ಇವರು ಎಂಬುದು ಅಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾಗದಂತೆ ನೋಡಿಕೊಂಡವರು ಇದ್ದರು ಎಂಬುದೂ ಗೊತ್ತಿಲ್ಲ.

ಹುಟ್ಟಿದ್ದು ಮೊಳಕಾಲ್ಮೂರಿನ ನೇಕಾರರ ಕೇರಿಯಲ್ಲಿ, ೧೯೪೯ರಲ್ಲಿ. ತಂದೆ ವೆಂಕಟಪ್ಪ ರೇಷ್ಮೆ ಸೀರೆ ನೇಯುತ್ತಿದ್ದರು. ಮನೆಮಾತು ತೆಲುಗು, ಬೀದಿಮಾತು ಕನ್ನಡ. ಆರು ವರ್ಷದ ಹುಡುಗಿಗೆ ಮಗ್ಗದ ಬಳಿ ಒಂದೇ ಕೆಲಸ: ಹಾಸಿನಲ್ಲಿ ಹರಿದ ಎಳೆಯನ್ನು ಹುಡುಕಿ ಕೂಡಿಸುವುದು. “ಸಾವಿರಾರು ಎಳೆ ಒಟ್ಟಿಗೆ ಇರ್ತಾವೆ. ಒಂದು ಹರಿದ್ರೆ ಕಣ್ಣಿಗೆ ಕಾಣಲ್ಲ, ಅದರ ನೆರಳು ಕಾಣ್ತೈತೆ. ನಾನು ಕಲ್ಲು ನೋಡೋದು ಕಲಿತಿದ್ದು ಕಾಲೇಜಲ್ಲಿ ಅಲ್ಲ, ನಮ್ಮಪ್ಪನ ಮಗ್ಗದಲ್ಲಿ.”

ಹೈಸ್ಕೂಲಿನ ವಿಜ್ಞಾನದ ಮೇಷ್ಟರೊಬ್ಬರು ಒಮ್ಮೆ ಮಕ್ಕಳನ್ನು ಸಿದ್ದಾಪುರದ ಬಂಡೆಗಳ ನಡುವೆ ಕರೆದೊಯ್ದರು. ಉಳಿದವರು ಕಲ್ಲಿನ ಮೇಲೆ ಕೆತ್ತಿದ ಹಳೆಯ ಅಕ್ಷರಗಳನ್ನು ನೋಡುತ್ತಿದ್ದಾಗ ಈ ಹುಡುಗಿ ಅಕ್ಷರದ ಕೆಳಗಿನ ಕಲ್ಲನ್ನು ನೋಡುತ್ತಿದ್ದಳು. ‘ಇದು ಹೆಂಗಾಯ್ತು ಸಾರ್’ ಎಂದು ಕೇಳಿದಳು. ಮೇಷ್ಟರಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದು ಒಪ್ಪಿಕೊಂಡರು. ಓದಿ ತಿಳಿದುಕೊಂಡು ನನಗೂ ಹೇಳು ಎಂದರು. ಬಿ.ಎಸ್ಸಿ. ಮುಗಿಸಿ ಭೂವಿಜ್ಞಾನದ ಎಂ.ಎಸ್ಸಿ.ಗೆ ಮೈಸೂರಿಗೆ ಹೋಗುತ್ತೇನೆ ಎಂದಾಗ ತಂದೆ ಮಗ್ಗ ನಿಲ್ಲಿಸಿ, “ರಾಳ್ಳು ಚದವಡಾನಿಕಿ ಇಂತ ದೂರಮಾ?” ಎಂದರಂತೆ. ಕಲ್ಲು ಓದುವುದಕ್ಕೆ ಇಷ್ಟು ದೂರ ಹೋಗಬೇಕೆ ಎಂದು. ಆದರೆ ತಡೆಯಲಿಲ್ಲ. ತರಗತಿಯಲ್ಲಿ ಹತ್ತೊಂಬತ್ತು ಹುಡುಗರು, ಇವರೊಬ್ಬರೇ ಹುಡುಗಿ.

೧೯೭೩ರಲ್ಲಿ ಸರ್ಕಾರಿ ಕಚೇರಿಯೊಂದರ ಕಿರಿಯ ಭೂವಿಜ್ಞಾನಿಯ ಹುದ್ದೆಗೆ ಸಂದರ್ಶನ. ಮೇಜಿನ ಆಚೆ ಕೂತ ಐವರು ಖನಿಜದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಬೆಟ್ಟ ಹತ್ತುವಾಗ ಸೀರೆ ತೊಡರಿದರೆ ಏನು ಮಾಡುತ್ತೀರಿ ಎಂದು ಕೇಳಿದರು.

“ನಮ್ಮೂರ ಹೆಂಗಸರು ಸೀರೆ ಉಟ್ಕೊಂಡೇ ಸೌದೆ ಹೊರೆ ಹೊತ್ತು ಬೆಟ್ಟ ಇಳೀತಾರೆ ಸರ್. ನಾನು ಬರೇ ಸುತ್ತಿಗೆ ಹೊರೋಳು ಅಂದೆ,” ಎನ್ನುತ್ತಾರೆ ದಾಕ್ಷಾಯಿಣಿಯವರು. ಕೆಲಸ ಸಿಕ್ಕಿತು. ಮೊದಲ ನಾಲ್ಕು ವರ್ಷ ಹೊರಗೆ ಕಳಿಸಲಿಲ್ಲ. ಗಂಡಸರ ಡೇರೆಯಲ್ಲಿ ಹೆಂಗಸಿಗೆ ಜಾಗವಿಲ್ಲ, ಹೆಂಗಸಿಗೆಂದು ಬೇರೆ ಡೇರೆ ಹಾಕುವ ನಿಯಮವಿಲ್ಲ. ಜೀಪು ಕೇಳಿದರೆ, ಜೀಪು ಡೇರೆಯವರಿಗೆ ಮಾತ್ರ. ಹನ್ನೊಂದು ಅರ್ಜಿ ಕೊಟ್ಟ ಮೇಲೆ ಒಬ್ಬ ಮೇಲಧಿಕಾರಿ ಬೇಸತ್ತು, ‘ಬಸ್ಸಿನಲ್ಲಿ ಹೋಗಿ, ನಿಮ್ಮ ವಸತಿ ನೀವೇ ನೋಡಿಕೊಳ್ಳಿ’ ಎಂದು ಬರೆದುಕೊಟ್ಟರು. ಕೊಟ್ಟ ಪ್ರದೇಶ ಯಾರೂ ಬೇಡವೆಂದಿದ್ದ ಚಳ್ಳಕೆರೆಯ ಬಯಲು. ಅಲ್ಲಿ ಏನೂ ಇಲ್ಲ ಎಂದು ಆಗ ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು.

ನನ್ನಿವಾಳದ ಶಾಲೆಯ ಜಗುಲಿಯಲ್ಲಿ ಎರಡು ದಿನ ಮಲಗಿದ್ದ ಈ ಹೆಂಗಸನ್ನು ಮೂರನೆಯ ದಿನ ಎಬ್ಬಿಸಿ ಮನೆಗೆ ಕರೆದೊಯ್ದವರು ಪಾಲಮ್ಮ. ಕೂಲಿ ಮಾಡಿ, ಕುರಿ ಕಾಯ್ದು ಬದುಕುತ್ತಿದ್ದ ಪಾಲಮ್ಮನಿಗೆ ಆಗ ಮೂವತ್ತನಾಲ್ಕು. ಈಗ ಎಂಬತ್ತೊಂದು, ಬೆನ್ನು ಬಾಗಿದೆ, ನಾಲಿಗೆ ಬಾಗಿಲ್ಲ.

“ನಾಯಿ ಮಲಗೋ ಜಾಗದಾಗೆ ಮಲಗಿದ್ಲು. ಯಾರವ್ವ ನೀನು ಅಂದೆ. ಕಲ್ಲು ನೋಡೋಕೆ ಬಂದೀನಿ ಅಂದ್ಲು. ಕಲ್ಲು ಎಲ್ಲಿಗೂ ಹೋಗಲ್ಲ, ಮೊದ್ಲು ಮುದ್ದೆ ಉಣ್ಣು ಬಾ ಅಂದೆ.” ಆ ದಿನದಿಂದ ಮೂರು ವರ್ಷ, ಹೊರಗಿನ ಕೆಲಸದ ತಿಂಗಳುಗಳಲ್ಲಿ, ದಾಕ್ಷಾಯಿಣಿಯವರ ಕಚೇರಿ ಪಾಲಮ್ಮನ ಮನೆಯ ನಡುಮನೆಯಾಯಿತು. ಒಬ್ಬರು ಇನ್ನೊಬ್ಬರಿಗೆ ‘ಪಾಲಕ್ಕ’, ಇನ್ನೊಬ್ಬರು ಒಬ್ಬರಿಗೆ ‘ದಾಕ್ಷಮ್ಮ’. ದಿನಕ್ಕೆ ಹದಿನೆಂಟು, ಇಪ್ಪತ್ತು ಕಿಲೋಮೀಟರು ನಡಿಗೆ. ಕುರಿ ಮುಂದೆ, ಪಾಲಮ್ಮ ನಡುವೆ, ಸುತ್ತಿಗೆ ಹಿಂದೆ.

೧೯೭೮ರ ಅಕ್ಟೋಬರಿನಲ್ಲಿ ಒಂದು ದಿನ ಪಾಲಮ್ಮ, “ದಾಕ್ಷಮ್ಮ, ನಮ್ಮ ದೊಣೆಗುಡ್ಡದಾಗೆ ಈರುಳ್ಳಿ ಕಲ್ಲು ಅದಾವೆ, ನೋಡ್ತೀಯಾ” ಎಂದರು. ನೋಡಿದರು. ಹಿಂದಿನ ರಾತ್ರಿ ಮಳೆ ಬಿದ್ದು ಬಂಡೆ ಒದ್ದೆಯಾಗಿತ್ತು. “ಪುಸ್ತಕದಲ್ಲಿ ಒಂದು ಚಿತ್ರ ನೋಡಿದ್ದೆ, ಬೇರೆ ದೇಶದ್ದು. ಅದೇ ಕಣ್ಮುಂದೆ. ಕೂತ್ಬಿಟ್ಟೆ. ಅಲ್ಲೇ ಟಿಪ್ಪಣಿ ಪುಸ್ತಕ ಬಿಚ್ಚಿ ಬರೆಯೋಕೆ ಶುರು ಮಾಡ್ದೆ,” ಎನ್ನುತ್ತಾರೆ ದಾಕ್ಷಾಯಿಣಿಯವರು. ಆಗ ಅವರಿಗೆ ಇಪ್ಪತ್ತೊಂಬತ್ತು ವರ್ಷ. ಮುಂದಿನ ಹದಿನಾಲ್ಕು ತಿಂಗಳು ಒಂದೊಂದು ಗುಮ್ಮಟವನ್ನೂ ಅಳೆದರು, ಚಿತ್ರ ಬರೆದರು, ಚೂರು ತೆಗೆದು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಒಟ್ಟು ನಲವತ್ತಮೂರು ಗುಮ್ಮಟಗಳು. ಅರವತ್ತನಾಲ್ಕು ಪುಟದ ವರದಿ ಟೈಪಾಯಿತು. ಮೊದಲ ಪುಟದಲ್ಲೇ, ಈ ಶಿಲೆಯನ್ನು ತೋರಿಸಿದವರು ನನ್ನಿವಾಳದ ಪಾಲಮ್ಮ ಎಂದು ಬರೆದಿದ್ದರು. ಅದನ್ನು ಮೇಲಧಿಕಾರಿಯ ಮೇಜಿನ ಮೇಲಿಟ್ಟು ಬಂದರು.

ಎಂಟು ತಿಂಗಳು ಸುದ್ದಿಯಿಲ್ಲ. ೧೯೮೦ರ ಕೊನೆಗೆ ಕಚೇರಿಯ ಗ್ರಂಥಾಲಯದಲ್ಲಿ ಹೊಸದಾಗಿ ಬಂದ ಪತ್ರಿಕೆಯೊಂದನ್ನು ತಿರುವುತ್ತಿದ್ದಾಗ ತಾವೇ ಬರೆದ ಚಿತ್ರ ಕಂಡಿತು. ತಮ್ಮದೇ ವಾಕ್ಯಗಳು. ಮೇಲೆ ಮೇಲಧಿಕಾರಿಯ ಹೆಸರು, ಒಂಟಿಯಾಗಿ, ದಪ್ಪ ಅಕ್ಷರದಲ್ಲಿ. ಕೊನೆಯ ಪುಟದ ಬುಡದಲ್ಲಿ ಒಂದು ಸಾಲು: ಕ್ಷೇತ್ರಕಾರ್ಯದಲ್ಲಿ ನೆರವಾದ ಸಿಬ್ಬಂದಿಗೆ ಕೃತಜ್ಞತೆಗಳು. ಪಾಲಮ್ಮನ ಹೆಸರು ಎಲ್ಲೂ ಇರಲಿಲ್ಲ.

ಪತ್ರಿಕೆ ಹಿಡಿದು ಅವರ ಕೋಣೆಗೆ ಹೋದರು. ಆತ ಕನ್ನಡಕ ತೆಗೆದು ಒರೆಸಿಕೊಂಡರು. “ನೋಡಮ್ಮ, ನೀವು ಸಂಬಳ ತಗೊಂಡು ಮಾಡಿದ ಕೆಲಸ ತಾನೇ ಇದು? ಇಲಾಖೆಯ ಕೆಲಸ ಇಲಾಖೆಯದ್ದು. ನಾಳೆ ಮದುವೆಯಾಗಿ ಹೋಗ್ತೀರಿ. ಇದರ ಬಗ್ಗೆ ಪ್ರಶ್ನೆ ಬಂದರೆ ಉತ್ತರ ಕೊಡೋಕೆ ಯಾರಾದರೂ ಇರಬೇಕಲ್ಲ?”

ಸಂಬಳ ಆತನಿಗೂ ಬರುತ್ತಿತ್ತು. ಹಾಗಿದ್ದರೆ ಇಲಾಖೆಯ ಕೆಲಸದ ಮೇಲೆ ಆತನ ಹೆಸರೇಕೆ? ಈ ಪ್ರಶ್ನೆ ಅಂದು ಅವರ ಬಾಯಿಗೆ ಬರಲಿಲ್ಲ; ಮೆಟ್ಟಿಲಿಳಿದ ಮೇಲೆ ಬಂತು. “ಆ ಮೆಟ್ಟಿಲು ಇನ್ನೂ ಇಳೀತಾ ಇದೀನಿ,” ಎನ್ನುವಾಗ ಅವರ ದನಿಯಲ್ಲಿ ಅಳುವಿಲ್ಲ. ನಲವತ್ತೈದು ವರ್ಷವಾದರೂ ಆರದ ಸಿಟ್ಟು ಇದೆ. ಮೇಲಕ್ಕೆ ದೂರು ಬರೆದರು. ಅದರ ಫಲವಾಗಿ ಮೂರೇ ತಿಂಗಳಲ್ಲಿ ವರ್ಗಾವಣೆ ಬಂತು: ಮಾದರಿ ಕಲ್ಲುಗಳ ದಾಸ್ತಾನು ಕೋಣೆಗೆ. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಬೇರೆಯವರು ತಂದ ಕಲ್ಲುಗಳಿಗೆ ಚೀಟಿ ಅಂಟಿಸುವ ಕೆಲಸ. ಇಪ್ಪತ್ತಾರು ವರ್ಷ ಅಲ್ಲೇ. ಅಂಟಿಸಿದ ಚೀಟಿಗಳು ನಲವತ್ತೊಂದು ಸಾವಿರಕ್ಕೂ ಹೆಚ್ಚು. ಆ ಅಧಿಕಾರಿಗೆ ಪದಕ ಬಂತು, ಬಡ್ತಿ ಬಂತು, ಸತ್ತ ಮೇಲೆ ಸಭಾಂಗಣದಲ್ಲಿ ಹಾರ ಹಾಕಿದ ಪಟ ಬಂತು. ದಾಕ್ಷಾಯಿಣಿಯವರಿಗೆ ನಿವೃತ್ತಿಯ ದಿನ ಒಂದು ಗೋಡೆ ಗಡಿಯಾರ ಬಂತು.

ಹೆಸರು ಹೋದದ್ದು ಒಬ್ಬರಿಗಾದ ಅನ್ಯಾಯ, ಅಲ್ಲಿಗೆ ಮುಗಿಯಿತು ಎಂದುಕೊಳ್ಳುವವರು ಮುಂದಿನದನ್ನು ಕೇಳಬೇಕು. ತನ್ನದಲ್ಲದ ಕೆಲಸಕ್ಕೆ ಹೆಸರು ಹಾಕಿಕೊಂಡ ಆ ಅಧಿಕಾರಿ ದೊಣೆಗುಡ್ಡಕ್ಕೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಜಾಗವನ್ನು ಗುರುತಿಸಿದ ನಕ್ಷೆ ವರದಿಯಲ್ಲಿರಲಿಲ್ಲ, ದಾಕ್ಷಾಯಿಣಿಯವರ ಟಿಪ್ಪಣಿ ಪುಸ್ತಕದಲ್ಲಿತ್ತು; ಅದನ್ನು ಆತ ಕೇಳಲಿಲ್ಲ, ಕೇಳುವಂತೆಯೂ ಇರಲಿಲ್ಲ. ಹಾಗಾಗಿ ಲೇಖನದಲ್ಲಿ ‘ದೊಣೆಗುಡ್ಡ, ಚಿತ್ರದುರ್ಗ ಜಿಲ್ಲೆ’ ಎಂದಷ್ಟೇ ಬರೆದು ಕೈತೊಳೆದುಕೊಂಡರು. ಈ ಜಿಲ್ಲೆಯಲ್ಲಿ ನೀರು ನಿಲ್ಲುವ ದೊಣೆ ಎಷ್ಟು ಗುಡ್ಡದಲ್ಲಿಲ್ಲ? ಅದೇ ಹೆಸರಿನ ದೊಡ್ಡ ಗುಡ್ಡವೊಂದು ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿಯ ಕಡೆ ಇದೆ. ಮೂರು ವರ್ಷದ ಹಿಂದೆ, ಅಪರೂಪದ ಶಿಲೆಗಳನ್ನು ಕಾಪಾಡಲೆಂದು ರಚಿಸಿದ ಸಮಿತಿಯೊಂದು ಹಳೆಯ ಲೇಖನ ತೆಗೆಯಿತು, ಭೂಪಟದಲ್ಲಿ ಬೆರಳಾಡಿಸಿತು, ದೊಡ್ಡಕ್ಷರದಲ್ಲಿ ಕಂಡ ದೊಣೆಗುಡ್ಡದ ಸುತ್ತ ತಂತಿ ಬೇಲಿ ಹಾಕಿಸಿಬಿಟ್ಟಿತು.

ಉದ್ಘಾಟನೆಯ ಸುದ್ದಿಯನ್ನು ದಾಕ್ಷಾಯಿಣಿಯವರು ಓದಿದ್ದು ಅಂದಿನ ಬೆಳಗಿನ ಪತ್ರಿಕೆಯಲ್ಲಿ. ಸಿಕ್ಕ ಬಸ್ಸು ಹತ್ತಿ ಹೋದರು. ಶಾಮಿಯಾನ, ಕುರ್ಚಿ, ರಿಬ್ಬನ್ನು ಎಲ್ಲ ಇತ್ತು. ಜನರನ್ನು ಬಿಡಿಸಿಕೊಂಡು ಮುಂದೆ ಹೋಗಿ ಅಧಿಕಾರಿಯೊಬ್ಬರ ಎದುರು ನಿಂತರು.

“ಸರ್, ಇದು ಆ ಗುಡ್ಡ ಅಲ್ಲ. ಇದು ಗ್ರಾನೈಟು. ಇದರೊಳಗೆ ಆ ಕಲ್ಲು ಹುಟ್ಟೋಕೆ ಸಾಧ್ಯವೇ ಇಲ್ಲ.”

“ಲೇಖನದಲ್ಲಿ ದೊಣೆಗುಡ್ಡ ಅಂತಾನೇ ಇದೆಯಲ್ಲಮ್ಮ. ತಾವು ಯಾರು?”

“ಆ ಲೇಖನ ಬರೆದೋಳು.”

ಅಧಿಕಾರಿ ಕೈಯಲ್ಲಿದ್ದ ಪ್ರತಿಯನ್ನು ನೋಡಿದರು. ಅದರ ಮೇಲೆ ಗಂಡಸಿನ ಹೆಸರಿತ್ತು. ಪಕ್ಕದವರು ನಕ್ಕರು. ಯಾರೋ ತೋಳು ಹಿಡಿದು ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿ, ಬಿಸಿಲಿಗೆ ತಲೆ ಸುತ್ತಿರಬೇಕು ಎಂದು ಮಜ್ಜಿಗೆ ತಂದುಕೊಟ್ಟರು. “ಕುಡಿದೆ, ಬಾಯಾರಿತ್ತು,” ಎನ್ನುತ್ತಾರೆ ದಾಕ್ಷಾಯಿಣಿಯವರು. “ತಲೆ ಮಾತ್ರ ಸುತ್ತಿರಲಿಲ್ಲ. ನೆಲದಾಳದಲ್ಲಿ ಕರಗಿ ಗಟ್ಟಿಯಾದ ಕಲ್ಲು ಗ್ರಾನೈಟು. ಅದರೊಳಗೆ ಜೀವದ ಗುರುತು ಹುಡುಕೋದೂ ಒಂದೇ, ಒಲೆ ಬೂದಿಯೊಳಗೆ ಮೊಳಕೆ ಹುಡುಕೋದೂ ಒಂದೇ. ಆ ಶಾಮಿಯಾನದ ಕೆಳಗೆ ಕೂತ ಒಬ್ರಿಗೂ ಇದು ಹೊಳೀಲಿಲ್ಲ.”

ಅದೇ ಹೊತ್ತಿಗೆ ನನ್ನಿವಾಳದ ಕಡೆಯ ನಿಜವಾದ ದೊಣೆಗುಡ್ಡದ ಬಗಲಲ್ಲಿ ಜಲ್ಲಿ ಕ್ರಷರಿಗೆ ಗುತ್ತಿಗೆ ಸಿಕ್ಕಿತ್ತು. ಕಾಪಾಡಬೇಕಾದ ಜಾಗ ಬೇರೆಲ್ಲೋ ಇದೆ ಎಂದು ಕಾಗದವೇ ಹೇಳುವಾಗ ಇಲ್ಲಿ ಸಿಡಿಮದ್ದು ಇಡಲು ಯಾರ ಅಡ್ಡಿ? ವಾರಕ್ಕೆ ಎರಡು ಸಲ ಸಿಡಿತ. ಬೇಲಿಯೊಳಗೆ ಜೀವದ ಗುರುತೇ ಇಲ್ಲದ ಗ್ರಾನೈಟು ನೆಮ್ಮದಿಯಾಗಿತ್ತು. ಬೇಲಿಯಿಲ್ಲದ ಕಡೆ ಇನ್ನೂರ ಅರವತ್ತು ಕೋಟಿ ವರ್ಷ ಲಾರಿ ಹತ್ತುತ್ತಿತ್ತು.

ದಾಕ್ಷಾಯಿಣಿಯವರು ಅಂದಿನಿಂದ ಬರೆದ ಪತ್ರಗಳು ಮೂವತ್ತೊಂದು. ಬಂದ ಉತ್ತರಗಳು ಒಂಬತ್ತು. ಒಂಬತ್ತರಲ್ಲೂ ಒಂದೇ ವಾಕ್ಯ: ತಾವು ಸೂಚಿಸಿದ ಸ್ಥಳವು ಪ್ರಕಟಿತ ದಾಖಲೆಯೊಂದಿಗೆ ತಾಳೆಯಾಗುವುದಿಲ್ಲ. ಅವರ ಪುಸ್ತಕ ಖಾಸಗಿ ಟಿಪ್ಪಣಿ. ಅವರಿಂದ ಕದ್ದು ಮಾಡಿದ್ದು ಮಾತ್ರ ದಾಖಲೆ. ಕ್ವಾರಿಯ ಬಳಿ ಹೋದರೆ ಮ್ಯಾನೇಜರು ಒಳಗೆ ಬಿಡಲಿಲ್ಲ. ಕಲ್ಲು ಕೊರೆಯುವ ಕೆಲಸದ ಗಾದ್ರಪ್ಪ ಒಬ್ಬರೇ ಗೇಟಿನ ಬಳಿ ಬಂದು ನಿಂತು ಕೇಳಿಸಿಕೊಂಡರು. “ನಮಗೇನು ಗೊತ್ತಮ್ಮ? ಈರುಳ್ಳಿ ಸಿಪ್ಪೆ ಬಿಚ್ಚಿದಂಗೆ ಬಿಚ್ಕೊಂತಿತ್ತು, ಏನೋ ಚಂದ ಐತೆ ಅಂತ ನೋಡ್ತಿದ್ವಿ. ಹೇಳೋರು ಇದ್ದಿದ್ರೆ ಆ ಕಡೆ ಕೊರೀತಾನೇ ಇರ್ಲಿಲ್ಲ.”

ಹೇಳುವವರು ಇದ್ದರು. ಕೇಳುವವರು ಇರಲಿಲ್ಲ.

ಕೊನೆಗೆ ಕೇಳಿದವರು ಭೂವಿಜ್ಞಾನ ಕಲಿಸುವ ಯುವ ಉಪನ್ಯಾಸಕಿ ಸರಿತಾ. ಬಾಡಿಗೆ ಮನೆ ಹುಡುಕುತ್ತ ಆ ಬೀದಿಗೆ ಬಂದವರು, ‘ಕಲ್ಲು ಮೇಡಂ’ ಎಂಬ ಹೆಸರು ಕೇಳಿ ಬಾಗಿಲು ತಟ್ಟಿದರು. ಒಳಗೆ ಮೂರು ಗಂಟೆ ಕೂತರು. “ನಾನು ಓದುವಾಗ ಆ ಲೇಖನ ನಮಗೆ ಪಾಠವಾಗಿತ್ತು,” ಎನ್ನುತ್ತಾರೆ ಸರಿತಾ. “ಪರೀಕ್ಷೆಯಲ್ಲಿ ಆ ಮನುಷ್ಯನ ಹೆಸರು ಬರೆದು ಅಂಕ ತಗೊಂಡಿದ್ದೀನಿ. ಮೇಡಂ ಪುಸ್ತಕ ತೆಗೆದು ತೋರಿಸಿದಾಗ ನಾಚಿಕೆ ಆಯ್ತು.” ಅವರು ಪುಸ್ತಕದ ಪುಟಗಳನ್ನೂ ಲೇಖನದ ಪುಟಗಳನ್ನೂ ಎದುರುಬದುರು ಇಟ್ಟು ಪ್ರತಿ ತೆಗೆದು, ಜಿಲ್ಲಾಡಳಿತಕ್ಕೆ ಕೊಟ್ಟು, ಬಿಡದೆ ಬೆನ್ನುಹತ್ತಿದರು. ಕಳೆದ ನವೆಂಬರಿನಲ್ಲಿ ಜಂಟಿ ಪರಿಶೀಲನೆಗೆ ದಿನ ಗೊತ್ತಾಯಿತು.

ಅಂದು ಮೂರು ಕಚೇರಿಗಳ ಆರು ಜನ ಅಧಿಕಾರಿಗಳು ಬಂದರು. ಕ್ವಾರಿಯ ಕಡೆಯವರು ಇಬ್ಬರು. ಈ ಕಡೆ ದಾಕ್ಷಾಯಿಣಿ, ಸರಿತಾ, ಮಾರುತೇಶ್ ಆಟೊದಲ್ಲಿ ಕರೆತಂದ ಪಾಲಮ್ಮ. ಕ್ವಾರಿಯವರು ಒಂದೇ ಮಾತು ಹಿಡಿದಿದ್ದರು: ಈ ಪುಸ್ತಕವನ್ನು ನಿನ್ನೆ ಮೊನ್ನೆ ಕೂತು ಬರೆದಿಲ್ಲ ಎನ್ನುವುದಕ್ಕೆ ಏನು ಸಾಕ್ಷಿ? ಅಧಿಕಾರಿಗಳು ಪಾಲಮ್ಮನ ಕಡೆ ತಿರುಗಿದರು. ಅವರಲ್ಲೊಬ್ಬರು, ನಲವತ್ತೇಳು ವರ್ಷದ ಹಿಂದಿನದು ನಿಮಗೆ ನೆನಪಿರುತ್ತಾ ಅಜ್ಜಿ ಎಂದು ಕೇಳಿದರು.

“ನೆನಪು ಯಾಕ್ರಿ ಸ್ವಾಮಿ, ಅದು ಅಲ್ಲೇ ಐತೆ. ಬರ್ರಿ,” ಎಂದರು ಪಾಲಮ್ಮ.

ಕೋಲೂರುತ್ತ ದೊಣೆಯ ತನಕ ಹತ್ತಿ, ಅಲ್ಲಿಂದ ಬಡಗಣಕ್ಕೆ ನಡೆದು, ಒಂದು ಜಾಲಿ ಪೊದೆಯ ಮುಂದೆ ನಿಂತರು. ಇದರ ಬುಡ ಕಡೀರಿ ಎಂದರು. ಮಾರುತೇಶ್ ಮಚ್ಚು ತಂದು ಕಡಿದರು. ಅಡಿಯ ಮಣ್ಣನ್ನು ಪಾಲಮ್ಮ ತಮ್ಮ ಕೈಯಿಂದಲೇ ಸರಿಸಿದರು. ಬಂಡೆಯ ಮೇಲೆ ಉಳಿಯಿಂದ ಕೊರೆದ ಬಾಣದ ಗುರುತು, ಪಕ್ಕದಲ್ಲಿ ಕನ್ನಡದ ಅಂಕಿ: ೧೧೨. ಕೊರೆದ ಗೆರೆಗಳ ಒಳಗೆ ಹಳೆಯ ಕಲ್ಲುಹೂವು ಬೆಳೆದು ಬೂದುಗಟ್ಟಿತ್ತು. ನಿನ್ನೆ ಮೊನ್ನೆಯದಲ್ಲ ಎಂಬುದನ್ನು ಯಾರೂ ಹೇಳಬೇಕಾಗಿರಲಿಲ್ಲ.

ದಾಕ್ಷಾಯಿಣಿಯವರೇ ಅದನ್ನು ಮರೆತುಬಿಟ್ಟಿದ್ದರು. ಪುಸ್ತಕ ಬಿಚ್ಚಿದರೆ ನೂರ ಹನ್ನೆರಡನೆಯ ಟಿಪ್ಪಣಿಯಲ್ಲಿ ಹೀಗಿತ್ತು: ದೊಣೆಯಿಂದ ಬಡಗಣಕ್ಕೆ ಇಪ್ಪತ್ತಾರು ಹೆಜ್ಜೆ, ದೊಡ್ಡ ಗುಮ್ಮಟ, ಬಂಡೆಯ ಮೇಲೆ ಗುರುತು ಹಾಕಿದೆ. ಅಧಿಕಾರಿಗಳಲ್ಲಿ ಕಿರಿಯರೊಬ್ಬರು ಹೆಜ್ಜೆ ಎಣಿಸಿ ನೋಡಿದರು. ಇಪ್ಪತ್ತೈದೂವರೆ ಆಯಿತು. ಇದು ಇಷ್ಟು ಖಚಿತವಾಗಿ ಹೇಗೆ ನೆನಪಿದೆ ಎಂದು ಅವರು ಕೇಳಿದ್ದಕ್ಕೆ ಪಾಲಮ್ಮ ಹೇಳಿದ್ದು ಇಷ್ಟು: “ಇವ್ಳು ಉಳಿ ಹಿಡ್ಕಂಡು ಕೂತ್ಲು, ಏಳ್ಲೇ ಇಲ್ಲ. ನಾನು ನೋಡ್ತಾ ಕೂತೆ. ಅಷ್ಟೊತ್ತಿಗೆ ನನ್ನ ಕುರಿ ಶೇಂಗಾ ಹೊಲಕ್ಕೆ ಬಿದ್ದಿದ್ವು. ಹೊಲದೋನು ಬೈದಿದ್ದು ಇವತ್ತಿಗೂ ಕಿವಿಯಾಗೆ ಐತೆ. ಹೆಂಗೆ ಮರೀಲಿ?”

ಹದಿನೈದು ದಿನದಲ್ಲಿ ಸಿಡಿತ ನಿಲ್ಲಿಸುವ ಆದೇಶ ಬಂತು. ಇದನ್ನು ಗೆಲುವು ಎನ್ನಲು ದಾಕ್ಷಾಯಿಣಿಯವರು ತಯಾರಿಲ್ಲ. ನಲವತ್ತಮೂರು ಗುಮ್ಮಟಗಳಲ್ಲಿ ಉಳಿದಿರುವುದು ಹದಿನೇಳು. ಇಪ್ಪತ್ತಾರು ಜಲ್ಲಿಯಾಗಿ, ಯಾವ ರಸ್ತೆಯ ಡಾಂಬರಿನ ಕೆಳಗೆ ಹೋದವೋ ಹೇಳುವವರಿಲ್ಲ. ಆದೇಶವೂ ತಾತ್ಕಾಲಿಕ. ತಂತಿ ಬೇಲಿ ಇವತ್ತಿಗೂ ಕೊಂಡ್ಲಹಳ್ಳಿಯ ಕಡೆಯ ಗ್ರಾನೈಟನ್ನೇ ಕಾಯುತ್ತಿದೆ. ಅದನ್ನು ಕಿತ್ತು ತರಲು ಹೊಸ ಮಂಜೂರಾತಿ ಬೇಕಂತೆ. ಅಲ್ಲಿಯ ತನಕ ಇಲ್ಲಿ ಒಬ್ಬ ಕಾವಲುಗಾರನನ್ನೂ ನೇಮಿಸಿಲ್ಲ. ಹಾಗಾಗಿ ಎಪ್ಪತ್ತಾರು ವರ್ಷದ ಹೆಂಗಸೊಬ್ಬರು ವಾರಕ್ಕೆರಡು ಬೆಳಗು ಟೇಪು ಹಿಡಿದು ಬರಬೇಕಾಗಿದೆ. “ಅಜ್ಜಿಗೆ ವಯಸ್ಸಾಗೈತೆ, ನಾನೇ ಅಳೀತೀನಿ ಅಂದೆ,” ಎನ್ನುತ್ತಾರೆ ಮಾರುತೇಶ್. “ಕಲಿಸ್ತೀನಿ ಅಂದ್ರು, ಕಲಿಸ್ತಾ ಅವ್ರೆ. ಆದ್ರೂ ನಾನು ಅಳೆದ ಮೇಲೆ ಇನ್ನೊಂದ್ಸಲ ಅವ್ರೇ ಅಳೀತಾರೆ.”

ಕಳೆದ ವಾರ ಚಳ್ಳಕೆರೆಯ ಮನೆಗೆ ಒಂದು ಲಕೋಟೆ ಬಂದಿದೆ. ನಿಜವಾದ ಗುಡ್ಡದ ಬಳಿ ಮುಂದೆಂದಾದರೂ ಹಾಕಲಿರುವ ಫಲಕದ ಕರಡು ಅದು. ಒಪ್ಪಿಗೆ ಕೇಳಿ ಕಳಿಸಿದ್ದಾರೆ. ಶೋಧಿಸಿದವರು ಎಂಬಲ್ಲಿ ಅದೇ ಮೇಲಧಿಕಾರಿಯ ಹೆಸರು. ಅದರ ಕೆಳಗೆ ಸಣ್ಣಕ್ಷರದಲ್ಲಿ, ‘ಸಹಾಯ: ಶ್ರೀಮತಿ ದ್ರಾಕ್ಷಾಯಣಮ್ಮ’. ದಾಕ್ಷಾಯಿಣಿಯವರು ಮದುವೆಯಾದವರಲ್ಲ. ಅವರ ಹೆಸರೂ ಅದಲ್ಲ.

ಅವರು ಕೆಂಪು ಪೆನ್ನಿನಲ್ಲಿ ಎರಡೂ ಸಾಲು ಹೊಡೆದು ಹಾಕಿ, ಬೇರೆ ಎರಡು ಸಾಲು ಬರೆದು ಮರುಟಪಾಲಿನಲ್ಲೇ ಕಳಿಸಿದರು. ಮೊದಲು ಕಂಡವರು: ಪಾಲಮ್ಮ, ನನ್ನಿವಾಳ. ಗುರುತಿಸಿ ಅಧ್ಯಯನ ಮಾಡಿದವರು: ವಿ. ದಾಕ್ಷಾಯಿಣಿ, ಮೊಳಕಾಲ್ಮೂರು. ಮೊನ್ನೆ ಮಧ್ಯಾಹ್ನ ಕಚೇರಿಯಿಂದ ಫೋನು ಬಂತು. ಸ್ಪೀಕರ್ ಹಾಕಿದ್ದರಿಂದ ಎದುರಿಗೆ ಕೂತಿದ್ದ ಸರಿತಾ ಆ ಮಾತುಕತೆಯನ್ನು ಪೂರ್ತಿ ಕೇಳಿಸಿಕೊಂಡಿದ್ದಾರೆ. ಆ ಕಡೆಯವನು ಚಿಕ್ಕ ವಯಸ್ಸಿನವನು, ಒರಟನಲ್ಲ.

“ಮೇಡಂ, ಹಳೇ ಹೆಸರು ತೆಗೆಯೋದು ಕಷ್ಟ. ಅವರೂ ಇಲ್ಲ ಈಗ. ಕಲ್ಲು ಉಳೀತಲ್ಲ, ಅದೇ ದೊಡ್ಡದು. ಇಷ್ಟು ವಯಸ್ಸಾದ ಮೇಲೆ ತಮಗೆ ಹೆಸರಿಂದ ಏನಾಗಬೇಕು ಹೇಳಿ.”

“ವಯಸ್ಸಾದ ಮೇಲೆ ಕೇಳ್ತಾ ಇಲ್ಲಪ್ಪ ನಾನು,” ಎಂದರು ದಾಕ್ಷಾಯಿಣಿಯವರು. “ಮೂವತ್ತೊಂದನೇ ವಯಸ್ಸಲ್ಲೇ ಕೇಳಿದ್ದೆ. ನೀವು ಕೊಡೋದು ತಡ ಮಾಡಿದ್ದೀರಿ. ಹೆಸರು ಬೇಡ ಅಂತ ದೊಡ್ಡ ಮನಸ್ಸು ತೋರಿಸೋಕೆ ನನಗೆ ಇಷ್ಟ ಇಲ್ಲ. ಕೆಲಸ ಮಾಡಿದೋಳು ನಾನು, ಬೇಕು. ಪಾಲಕ್ಕನದು ಮೊದಲು, ನನ್ನದು ಆಮೇಲೆ. ಪೆನ್ನು ಐತಾ ಕೈಯಲ್ಲಿ?”

ಆ ಕಡೆ ಕಾಗದ ಸರಿಸಿದ ಸದ್ದಾಯಿತು. ಆಮೇಲೆ, ಇದೆ ಮೇಡಂ ಎಂದ.

“ಬರ್ಕೊಳಿ. ದಾಕ್ಷಾಯಿಣಿ. ದಾ. ದ್ರಾ ಅಲ್ಲ. ಕೊನೆಗೆ ಅಮ್ಮ ಇಲ್ಲ.” ಅವನು ಬರೆಯುವ ತನಕ ಕಾದರು. “ಈಗ ಓದಿ ಹೇಳಿ. ಜೋರಾಗಿ.”